ವಿಷಲ್ ಊದುವ ಮೊದಲು: ಪಿ.ಟಿ. ಮಿಸ್‌ಗೆ ಓದುಗರ ಪ್ರಶ್ನೆಗಳು

ಮಕ್ಕಳು ಆಟದಲ್ಲಿ ಬಿದ್ದು ಏಳುವುದರ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಕಾಗದ ಬರುತ್ತೆ ಅಂದುಕೊಂಡಿರಲಿಲ್ಲ. ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಮೂಡಿಗೆರೆ ಕಡೆ 12 ವರ್ಷ, ಬೇಲೂರು ತಾಲ್ಲೂಕಿನಲ್ಲಿ 10, ಉಳಿದದ್ದು ಹಾಸನದಲ್ಲಿ. ಈಗ ರಿಟೈರ್ ಆಗಿ ಮನೆ ಮುಂದೆ ಗುಲಾಬಿ ಗಿಡ ನೋಡಿಕೊಂಡಿದ್ದೇನೆ. ಯಾರಾದರೂ ಮಕ್ಕಳು ಓಡುತ್ತಿದ್ದರೆ ಕಣ್ಣು ಮಾತ್ರ ಇವತ್ತಿಗೂ ಅವರ ಕಾಲಿನ ಮೇಲೇ ಹೋಗುತ್ತದೆ.

ಪ್ರಶ್ನೆ: ಮಿಸ್, ನಮಸ್ಕಾರ. ನನ್ನ ಮಗ ಆರನೇ ಕ್ಲಾಸು. ವಾರಕ್ಕೊಂದು ಸಲ ಮಂಡಿ ತರಚಿಕೊಂಡು ಬರುತ್ತಾನೆ. ನಮ್ಮತ್ತೆ ತಕ್ಷಣ ಕಾಫಿಪುಡಿ ಒತ್ತುತ್ತಾರೆ. ನಾನು ಡೆಟಾಲ್ ಸುರಿಯುತ್ತೇನೆ. ಇಬ್ಬರಲ್ಲಿ ಯಾರು ಸರಿ? ಪ್ರತಿ ಸಲವೂ ಟಿಟಿ ಹಾಕಿಸಬೇಕಾ?
– ಒಬ್ಬ ತಾಯಿ, ಸಕಲೇಶಪುರ

ಇಬ್ಬರೂ ಅಲ್ಲಮ್ಮ, ನಿಮ್ಮನೆ ನಲ್ಲಿ ಸರಿ.

ಕಾಫಿಪುಡಿ ವಿಷಯ ನನಗೆ ಚೆನ್ನಾಗಿ ಗೊತ್ತು. ಮೂಡಿಗೆರೆ ಕಡೆ ಇದ್ದಾಗ ಸ್ಟಾಫ್ ರೂಮಿನ ಕಾಫಿ ಡಬ್ಬ ಅರ್ಧ ಖಾಲಿಯಾಗುತ್ತಿದ್ದದ್ದೇ ಮಕ್ಕಳ ಮಂಡಿಗೆ. ಪುಡಿ ರಕ್ತವನ್ನು ಹೀರಿ ಗಟ್ಟಿಯಾಗುತ್ತದೆ. ರಕ್ತ ನಿಂತ ಹಾಗೆ ಕಾಣುತ್ತದೆ. ಹಾಗಾಗಿ ನಿಮ್ಮತ್ತೆ ಹೇಳೋದು ಪೂರ್ತಿ ಸುಳ್ಳೇನಲ್ಲ. ಆದರೆ ಆ ಪುಡಿಯ ಕೆಳಗೆ ಮೈದಾನದ ಮಣ್ಣು, ನೊರಜುಗಲ್ಲು ಹಾಗೇ ಉಳಿಯುತ್ತದೆ. ಕೀವಾದರೆ ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯಬೇಕು. ಮಗು ಬಿದ್ದಾಗ ಅತ್ತದ್ದಕ್ಕಿಂತ ಆಗ ಅಳುವುದು ಜಾಸ್ತಿ. ಅಂಗಡಿಯ ಅರಿಶಿನಪುಡಿಗೂ ಇದೇ ಮಾತು. ಡೆಟಾಲನ್ನು ನೀರು ಬೆರೆಸದೆ ಸುರಿದರೆ ಉರಿಯುವುದಷ್ಟೇ ಅಲ್ಲ, ಹೊಸದಾಗಿ ಬರಬೇಕಾದ ಚರ್ಮಕ್ಕೂ ಪೆಟ್ಟು.

ಹರಿಯುವ ನೀರು, ಮೈಗೆ ಹಚ್ಚುವ ಸೋಪು, ಐದು ನಿಮಿಷ. ಮಣ್ಣು ಅಂಟಿದ್ದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಹಾಗೇ ಬಿಟ್ಟರೆ ಗಾಯ ಮಾಗಿದ ಮೇಲೂ ಚರ್ಮದೊಳಗೆ ಕಪ್ಪು ಚುಕ್ಕೆ ಉಳಿದುಬಿಡುತ್ತದೆ. ರಕ್ತ ಬರುತ್ತಿದ್ದರೆ ಚೊಕ್ಕ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ನಿಮಿಷಕ್ಕೊಂದು ಸಲ ತೆಗೆದು ನೋಡಬೇಡಿ. ಆಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ ಮುಚ್ಚಿ. "ಗಾಳಿಗೆ ಬಿಡಿ, ಒಣಗಲಿ" ಅಂತ ನಾನೇ ಎಷ್ಟೋ ವರ್ಷ ಹೇಳಿದ್ದೇನೆ. ತಪ್ಪು. ಸ್ವಲ್ಪ ತೇವ ಇದ್ದು ಮುಚ್ಚಿದ ಗಾಯ ಬೇಗ ಮಾಗುತ್ತದೆ.

ಧನುರ್ವಾಯು ತಡೆಯುವ ಟಿಟಿ ಬದಲು ಸರ್ಕಾರದ ಲಸಿಕೆ ಪಟ್ಟಿಯಲ್ಲಿ 2019ರಿಂದ ಟಿಡಿ ಬಂದಿದೆ, ಅದು ಧನುರ್ವಾಯು ಜೊತೆಗೆ ಗಂಟಲಮಾರಿಗೂ (ಡಿಫ್ತೀರಿಯಾ) ಆಗುತ್ತದೆ. 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10ಕ್ಕೆ ಮತ್ತು 16ಕ್ಕೆ ಟಿಡಿ. ಎಲ್ಲ ಡೋಸೂ ಆಗಿದ್ದು, ಕೊನೆಯದು 5 ವರ್ಷದೊಳಗೆ ಆಗಿದ್ದರೆ ತರಚಿದ ಗಾಯಕ್ಕೆಲ್ಲ ಮತ್ತೆ ಚುಚ್ಚಿಸಬೇಕಿಲ್ಲ. ತಾಯಿ ಕಾರ್ಡ್ ತೆಗೆದು ನೋಡಿ. ಆರನೇ ಕ್ಲಾಸು ಅಂದರೆ 10ರ ಡೋಸ್ ಆಗಿರಬೇಕು. ಆಗಿಲ್ಲದಿದ್ದರೆ ನಾಳೆಯೇ ಹಾಕಿಸಿ, ಅವನು ಬೀಳುವುದನ್ನು ಕಾಯಬೇಡಿ.

ಪ್ರಶ್ನೆ: ಮೇಡಂ, ಈ ವರ್ಷ ಅರಸೀಕೆರೆ ತಾಲ್ಲೂಕಿನ ಒಂದು ಹೈಸ್ಕೂಲಿಗೆ ದೈಹಿಕ ಶಿಕ್ಷಕನಾಗಿ ಬಂದಿದ್ದೇನೆ. 240 ಮಕ್ಕಳು, ಒಂದೇ ಮೈದಾನ, ಅದೂ ಗರಸು ನೆಲ. ದುಡ್ಡಿಲ್ಲ. ದಿನಕ್ಕೆ ಒಬ್ಬರಾದರೂ ಬೀಳುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಹೊಸ ಮೇಷ್ಟ್ರು, ಅರಸೀಕೆರೆ

ಒಂದು ಬಕೆಟ್‌ನಿಂದ ಶುರು ಮಾಡಿ ಮೇಷ್ಟ್ರೇ.

ತಮಾಷೆ ಅಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಹತ್ತು ನಿಮಿಷ ಮುಂಚೆ ಬನ್ನಿ. ಬಕೆಟ್ ಹಿಡಿದು ಮೈದಾನವನ್ನು ಉದ್ದಕ್ಕೂ ಅಡ್ಡಕ್ಕೂ ಒಂದು ಸುತ್ತು ನಡೆಯಿರಿ. ಕಲ್ಲು, ಬಾಟಲಿ ಚೂರು, ತಂತಿ, ನಿನ್ನೆ ಸಂಜೆ ಊರಿನ ಹುಡುಗರು ವಿಕೆಟ್‌ಗೆ ನೆಟ್ಟ ಕೋಲಿನ ಮೊಂಡು, ಶಾಮಿಯಾನದವರು ಬಿಟ್ಟುಹೋದ ಗೂಟ. ಬಯಲುಸೀಮೆ ನೆಲದಲ್ಲಿ ಗಾಳಿ ಬೀಸಿದರೆ ಮೇಲಿನ ಮಣ್ಣು ಹಾರಿ ನೊರಜುಗಲ್ಲು ಮೇಲೇಳುತ್ತದೆ. ಅದರ ಮೇಲೆ ಓಡುವ ಮಗು ತಿರುಗುವಾಗ ಜಾರುತ್ತದೆ. ಮೊದಲ ವಾರ ಬಕೆಟ್ ತುಂಬುತ್ತದೆ. ಒಂದು ತಿಂಗಳಾದ ಮೇಲೆ ತಳ ಮುಚ್ಚಿದರೆ ಹೆಚ್ಚು. ನನ್ನನ್ನು ಮಕ್ಕಳು ಬೆನ್ನ ಹಿಂದೆ "ಬಕೆಟ್ ಮಿಸ್" ಅಂತಿದ್ದರು. ಗೊತ್ತಿತ್ತು.

ಎರಡನೆಯದು ಒಂದು ನೋಟ್‌ಬುಕ್. ಯಾರು ಬಿದ್ದರೂ ಬರೆದಿಡಿ: ದಿನ, ಹೊತ್ತು, ಮೈದಾನದ ಯಾವ ಮೂಲೆ, ಯಾವ ಆಟ, ಏನಾಯಿತು. ಬೇಲೂರು ತಾಲ್ಲೂಕಿನಲ್ಲಿದ್ದಾಗ ಒಂದು ಸಲ ಸುಮ್ನೆ ಹಿಂದಿನ ಹಾಳೆಗಳನ್ನು ತಿರುವಿದೆ. ಮೂರು ತಿಂಗಳಲ್ಲಿ ಒಂಬತ್ತು ಮಕ್ಕಳು ಒಂದೇ ಜಾಗದಲ್ಲಿ ಬಿದ್ದಿದ್ದರು. ಎಲ್ಲಿ ಅಂದರೆ ಕುಡಿಯುವ ನೀರಿನ ನಲ್ಲಿಯ ಪಕ್ಕ! ಪೈಪು ಸೋರಿ ಕೆಸರಾಗಿತ್ತು. ರಿಲೇ ಓಡುವವರು ಅಲ್ಲೇ ತಿರುಗುತ್ತಿದ್ದರು. ನಾನು ವರ್ಷವಿಡೀ "ನೋಡಿಕೊಂಡು ಓಡ್ರೋ" ಅಂತ ಮಕ್ಕಳ ಮೇಲೆ ರೇಗುತ್ತಿದ್ದೆ. ಪ್ಲಂಬರ್ ಬಂದು ಅರ್ಧ ಗಂಟೆಯಲ್ಲಿ ಸರಿ ಮಾಡಿ ಹೋದ. ಆಮೇಲೆ ಅಲ್ಲಿ ಯಾರೂ ಬೀಳಲಿಲ್ಲ.

ಅದೇ ನೋಟ್‌ಬುಕ್ ಇನ್ನೊಂದನ್ನೂ ತೋರಿಸಿತು. ಹೆಚ್ಚಿನವರು ಬೀಳುತ್ತಿದ್ದದ್ದು ಗೇಮ್ಸ್ ಪೀರಿಯಡ್ಡಿನ ಮೊದಲ ಐದು ನಿಮಿಷದಲ್ಲಿ. ನಲವತ್ತು ನಿಮಿಷ ಬೆಂಚಿನ ಮೇಲೆ ಕೂತ ಮಕ್ಕಳು ಬೆಲ್ ಹೊಡೆದ ಕೂಡಲೇ ಬಾಣದ ಹಾಗೆ ಬರುತ್ತವೆ. ಕಾಲಿನ್ನೂ ಎದ್ದಿರುವುದಿಲ್ಲ. ಹಾಗಾಗಿ ಮೊದಲು ವಾರ್ಮ್ ಅಪ್. ಸಾಲಾಗಿ ನಿಲ್ಲಿಸಿ "ಒನ್, ಟೂ" ಅಂತ ಸೊಂಟ ಬಗ್ಗಿಸುವುದು ಅಲ್ಲ. ಫುಟ್‌ಬಾಲ್ ಆಡುವ 7ರಿಂದ 13 ವರ್ಷದ ಮಕ್ಕಳಿಗೆಂದೇ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರು "ಇಲೆವೆನ್ ಪ್ಲಸ್ ಕಿಡ್ಸ್" ಅಂತ ಒಂದು ಕ್ರಮ ಮಾಡಿದ್ದಾರೆ. ಏಳು ಕಸರತ್ತು, 15ರಿಂದ 20 ನಿಮಿಷ. ಸ್ವಿಟ್ಜರ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್, ಝೆಕ್ ದೇಶಗಳಲ್ಲಿ ಸುಮಾರು 3,900 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಇದನ್ನು ಮಾಡಿದ ತಂಡಗಳಲ್ಲಿ ಗಾಯ 48% ಕಡಿಮೆ. ನಾನದನ್ನು ಓದಿ ನಕ್ಕುಬಿಟ್ಟೆ. ಒಂಟಿ ಕಾಲಲ್ಲಿ ನಿಲ್ಲೋದು, ಒಂಟಿ ಕಾಲಲ್ಲಿ ಕುಪ್ಪಳಿಸೋದು, ಹೇಳಿದ ಕೂಡಲೇ ಓಟ ನಿಲ್ಲಿಸೋದು, ಬೀಳುವಾಗ ಉರುಳೋದು. ಇದರಲ್ಲಿ ಅರ್ಧ ನಮ್ಮ ಕುಂಟಾಬಿಲ್ಲೆ ಅಲ್ವಾ? ನಿಮ್ಮ ಗರಸು ನೆಲದಲ್ಲಿ ಹತ್ತು ಕುಂಟಾಬಿಲ್ಲೆ ಮನೆ ಬರೆಯಿರಿ. ಹುಡುಗರಿಗೂ ಆಡಿಸಿ. ಮೊದಲ ದಿನ ನಾಚಿಕೊಳ್ಳುತ್ತಾರೆ, ಮೂರನೇ ದಿನ ಜಗಳ ಆಡುತ್ತಾರೆ. ಬೀಳೋದನ್ನು ಮಾತ್ರ ಬೇರೆಯಾಗಿ ಕಲಿಸಿ: ಕೈಯನ್ನು ಕೋಲಿನ ಹಾಗೆ ಊರಬಾರದು, ಗದ್ದ ಎದೆಗೆ ಒತ್ತಿ ಭುಜದ ಮೇಲೆ ಉರುಳಬೇಕು. ಹುಲ್ಲಿನ ಮೇಲೋ, ಮರಳಿನ ಗುಂಡಿಯಲ್ಲೋ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಇದನ್ನು ಯಾವ ಟ್ರೈನಿಂಗ್‌ನಲ್ಲೂ ನನಗೆ ಹೇಳಿರಲಿಲ್ಲ. 1998ರ ಆಗಸ್ಟ್. ಮಾರನೇ ದಿನ ಸ್ವಾತಂತ್ರ್ಯೋತ್ಸವ, ಸಂಜೆ ಟ್ರ್ಯಾಕ್ ಹಾಕಬೇಕು. ಗೋಡೆಗೆ ಬಳಿಯಲು ತಂದ ಸುಣ್ಣದ ಪುಡಿ ಅರ್ಧ ಮೂಟೆ ಉಳಿದಿತ್ತು. ಸುಮ್ನೆ ಯಾಕೆ ದುಡ್ಡು ದಂಡ ಅಂತ ಅದರಲ್ಲೇ ಗೆರೆ ಎಳೆದೆ. ಗಾಳಿ ಬೀಸಿತು. ಪಕ್ಕದಲ್ಲಿ ದಾರ ಹಿಡಿದು ಕೂತಿದ್ದ ಎಂಟನೇ ಕ್ಲಾಸಿನ ಹುಡುಗನ ಕಣ್ಣಿಗೆ ಹೋಯಿತು. ಅಟೆಂಡರ್ ಹರಳೆಣ್ಣೆ ಬಿಡೋಣ ಅಂದರು. ಬೇಡ ಅಂತ ಹುಡುಗನನ್ನು ಎಳೆದುಕೊಂಡು ಹೋಗಿ ನಲ್ಲಿ ಕೆಳಗೆ ಕೂರಿಸಿದೆ. ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ನಿಮಿಷ ನೀರು ಬಿಟ್ಟೆ. ಅವನು ಒದ್ದ, ಕಚ್ಚಿದ. ಆಮೇಲೆ ಆಸ್ಪತ್ರೆ. ವಾರಕ್ಕೆ ಕಣ್ಣು ಸರಿಯಾಯಿತು. ಆ ವಾರ ನನಗೆ ಮಾತ್ರ ನಿದ್ದೆ ಇರಲಿಲ್ಲ.

ಸುಣ್ಣ ಕಣ್ಣನ್ನು ಸುಡುತ್ತದೆ. ತೇವ ತಗುಲಿದರೆ ಇನ್ನೂ ಜೋರು. ಬಿದ್ದ ಮಗುವಿನ ತರಚಿದ ಮಂಡಿಗೆ ತಾಗಿದರೂ ಹಾಗೇ. ಗೆರೆಗೆ ಚಾಕ್ ಪೌಡರ್ ತನ್ನಿ, ಇಲ್ಲದಿದ್ದರೆ ಬಿಳಿ ರಂಗೋಲಿ ಪುಡಿ ಸಾಕು. ಗೆರೆ ಹಾಕುವಾಗ ಗಾಳಿಗೆ ಬೆನ್ನು ಕೊಟ್ಟು ನಡೆಯಿರಿ, ಮಕ್ಕಳನ್ನು ದೂರ ನಿಲ್ಲಿಸಿ.

ಟ್ರ್ಯಾಕ್ ವಿಷಯಕ್ಕೆ ಬಂದೆ ಅಂತ ಇನ್ನೊಂದು. ಮೈದಾನ ಸಣ್ಣದಾದರೆ 100 ಮೀಟರ್ ಓಟದ ಫಿನಿಶ್ ಗೆರೆ ಕಾಂಪೌಂಡಿಗೆ ಹತ್ತಿ ಬರುತ್ತದೆ. ಅಂತರರಾಷ್ಟ್ರೀಯ ಟ್ರ್ಯಾಕುಗಳಲ್ಲಿ ಗೆರೆಯ ಆಚೆ 17 ಮೀಟರ್ ಬಿಡುತ್ತಾರೆ, ಓಡಿಬಂದ ವೇಗ ಇಳಿಯಲು. ನಿಮ್ಮಲ್ಲಿ ಅಷ್ಟು ಜಾಗ ಇಲ್ಲದಿದ್ದರೆ 80 ಮೀಟರ್ ಓಡಿಸಿ, ಯಾರೇನು ಅಳತೆ ಹಿಡಿದು ಬರುವುದಿಲ್ಲ. ಫಿನಿಶ್‌ಗೆ ನೈಲಾನ್ ಹಗ್ಗ ಕಟ್ಟಲೇಬೇಡಿ. ಕುತ್ತಿಗೆಗೆ ಬೀಳುತ್ತದೆ. ಉಲ್ಲನ್ ದಾರ ಹಿಡಿಸಿ, ಎದೆ ತಾಗಿದರೆ ಕಿತ್ತುಬರಬೇಕು.

ಲಾಂಗ್ ಜಂಪ್ ಗುಂಡಿಯ ಮರಳು ಎರಡು ದಿನ ಬಿಟ್ಟರೆ ಕಲ್ಲಾಗುತ್ತದೆ. ಹಾರಿಸುವ ದಿನ ಗುದ್ದಲಿಯಲ್ಲಿ ಒಂದಡಿ ಆಳಕ್ಕೆ ಕೆದಕಿ, ನೀರು ಚಿಮುಕಿಸಿ. ಮರಳು ಹಾರುವ ಹಲಗೆಯ ಮಟ್ಟಕ್ಕೇ ಇರಲಿ. ನಾಯಿ, ಬೆಕ್ಕು ಗಲೀಜು ಮಾಡದ ಹಾಗೆ ಸಂಜೆ ಟಾರ್ಪಲ್ ಹೊದಿಸಿ. ಗುದ್ದಲಿ ಗುಂಡಿ ಪಕ್ಕ ಬಿಟ್ಟು ಬರಬೇಡಿ. ಗುಂಡಿನ ಎಸೆತದಲ್ಲಿ ಒಂದೇ ಕಾನೂನು: ಸರದಿಯಲ್ಲಿರುವ ಎಲ್ಲರೂ ಎಸೆದು ಮುಗಿದ ಮೇಲೆ ಒಟ್ಟಿಗೆ ಹೋಗಿ ತರುವುದು. ಗುಂಡನ್ನು ವಾಪಸ್ ಎಸೆಯುವ ಹಾಗಿಲ್ಲ, ಕೈಯಲ್ಲೇ ಹೊತ್ತು ತರಬೇಕು. ಖೋಖೋ ಕಂಬವನ್ನು ತಿಂಗಳಿಗೊಮ್ಮೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಅಲ್ಲಾಡಿಸಿ ನೋಡಿ. ಕಂಬ ಹಿಡಿದು ತಿರುಗುವ ಮಕ್ಕಳ ಅಂಗೈಗೆ ಚುಚ್ಚಿದ ಸಿಬರು ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ.

ಹೆಣ್ಣುಮಕ್ಕಳ ಗಾಜಿನ ಬಳೆ, ಓಲೆ, ಚೂಡಿದಾರದ ಪಿನ್ನು, ಹುಡುಗರ ಉಂಗುರ, ಕಡಗ ಎಲ್ಲ ಆಟಕ್ಕೆ ಮುಂಚೆ ತೆಗೆಯಬೇಕು. "ಅಮ್ಮ ಬಯ್ತಾರೆ" ಅನ್ನುತ್ತಾರೆ. ಒಂದು ಹಳೇ ಟಿಫನ್ ಬಾಕ್ಸ್ ಇಡಿ, ಪ್ರತಿಯೊಬ್ಬರದ್ದೂ ಚೀಟಿ ಸಮೇತ. ಒಂದು ಜುಮುಕಿ ಕಳೆದರೆ ಮಾತ್ರ ಊರೇ ಬರುತ್ತೆ, ಹುಷಾರು. ಶೂ ಇಲ್ಲದ ಮಕ್ಕಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಕೆಟ್ ಕೆಲಸ ಆಗಿದ್ದರೆ ಖೋಖೋ, ಕಬಡ್ಡಿ ಬರಿಗಾಲಲ್ಲೇ ಆಡಬಹುದು. ನಾನು ಜಾಸ್ತಿ ಕಂಡದ್ದು "ಮುಂದಿನ ವರ್ಷಕ್ಕೂ ಆಗಲಿ" ಅಂತ ಒಂದು ಸೈಜ್ ದೊಡ್ಡದು ತಗೊಂಡ ಶೂನಿಂದ ಕಾಲು ತಿರುಚಿಕೊಂಡವರನ್ನು.

ಪ್ರಶ್ನೆ: ಮಿಸ್, ನಾನು ಎಂಟನೇ ಕ್ಲಾಸ್. ಹೋಬಳಿ ಮಟ್ಟದ ಖೋಖೋದಲ್ಲಿ ಕಾಲು ಉಳುಕಿತು. ಅಜ್ಜಿ ಎಣ್ಣೆ ಹಾಕಿ ನೀವಿದರು, ಇನ್ನೂ ಜಾಸ್ತಿ ಊದಿಕೊಂಡಿದೆ. ಇನ್ನು ಹನ್ನೆರಡು ದಿನಕ್ಕೆ ತಾಲ್ಲೂಕು ಮಟ್ಟ. ಆಡಬಹುದಾ?
– ಖೋಖೋ ಆಟಗಾರ್ತಿ, ಕಡೂರು

ಪುಟ್ಟಿ, ಮೊದಲು ಇದನ್ನು ಮಾಡು. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು ನೋಡು. ಕುಂಟಿದರೂ ಪರವಾಗಿಲ್ಲ. ಆಮೇಲೆ ಅಮ್ಮನ ಹತ್ತಿರ ಪಾದದ ಎರಡೂ ಕಡೆ ಉಬ್ಬಿರುವ ಗಿಣ್ಣಿನ ಮೂಳೆಯನ್ನು ಹಿಂಬದಿಯಿಂದ, ತುದಿಯಲ್ಲಿ ಒತ್ತಿಸು. ಪಾದದ ಹೊರ ಅಂಚಿನ ಮಧ್ಯದ ಉಬ್ಬು, ಒಳಗಡೆಯ ಉಬ್ಬು, ಅಲ್ಲೂ ಒತ್ತಲಿ. ನಾಲ್ಕು ಹೆಜ್ಜೆ ಆಗಲೇ ಇಲ್ಲ, ಅಥವಾ ಮೂಳೆಯ ಮೇಲೇ ನೋವು ಅಂದರೆ ಇವತ್ತೇ ಎಕ್ಸ್‌ರೇ. ಕೆನಡಾದ ಒಟ್ಟಾವಾದ ಡಾಕ್ಟರುಗಳು 1992ರಲ್ಲಿ ಮಾಡಿದ ಪರೀಕ್ಷೆ ಇದು. ಯಾರಿಗೆ ಎಕ್ಸ್‌ರೇ ಬೇಕು, ಯಾರಿಗೆ ಬೇಡ ಅಂತ ತಿಳಿಯೋಕೆ.

ಅಜ್ಜಿ ಮೇಲೆ ಸಿಟ್ಟಾಗಬೇಡ. ಆದರೆ ಉಳುಕಿದ ಮೊದಲ ಎರಡು ಮೂರು ದಿನ ನೀವುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ. ಒಳಗೆ ಹರಿದ ಜಾಗದಲ್ಲಿ ರಕ್ತ ಇನ್ನೂ ಜಿನುಗುತ್ತಿರುತ್ತದೆ. ನೀವಿದರೆ ಊತ ಜಾಸ್ತಿ. ಕ್ರೇಪ್ ಬ್ಯಾಂಡೇಜ್ ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿಸಿಕೋ. ಬೆರಳು ತಣ್ಣಗಾದರೆ, ಜುಮ್ಮೆಂದರೆ ಬಿಗಿ ಜಾಸ್ತಿ ಆಯಿತು ಅಂತ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡು. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು, ನೋವು ಕಡಿಮೆಯಾಗಲು. ಐಸ್ ಬಗ್ಗೆ ಡಾಕ್ಟರುಗಳಲ್ಲೇ ವಾದ ಇದೆ. 1978ರಲ್ಲಿ "ಐಸ್ ಇಡಿ, ವಿಶ್ರಾಂತಿ ಕೊಡಿ" ಅನ್ನೋ ಸೂತ್ರ ಬರೆದ ಅಮೆರಿಕದ ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್ ಜಾಸ್ತಿಯಾದರೆ ಮಾಗುವುದು ನಿಧಾನ ಅಂದರು. ಹಾಗಾಗಿ ನೋವಿಗೆ ಎಷ್ಟು ಬೇಕೋ ಅಷ್ಟು. ಎರಡು ದಿನ ಕಳೆದ ಮೇಲೆ ಪೂರ್ತಿ ಮಲಗಿರಬೇಡ, ನೋವಾಗದಷ್ಟು ಪಾದ ಅಲ್ಲಾಡಿಸು, ನಡೆ.

ನಿನ್ನ ವಯಸ್ಸಿನಲ್ಲಿ ಇನ್ನೊಂದು ವಿಷಯ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆತ್ತನೆ ಭಾಗ ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ದೊಡ್ಡವರಿಗೆ ಬರೀ ಉಳುಕಾಗುವ ಪೆಟ್ಟು ಮಕ್ಕಳಿಗೆ ಅಲ್ಲಿ ಬಿರುಕಾಗಬಹುದು. ನನಗಿದು ಗೊತ್ತಾದದ್ದು ತಡವಾಗಿ. ಒಬ್ಬ ಹುಡುಗಿ ಮಣಿಕಟ್ಟು ಊರಿ ಬಿದ್ದಳು. ನಾನು ನೋಡಿ "ಉಳುಕು ಅಷ್ಟೇ" ಅಂದೆ, ಬ್ಯಾಂಡೇಜ್ ಸುತ್ತಿ ಕಳಿಸಿದೆ. ಮನೆಯವರು ಉಳುಕು ತೆಗೆಸಿದರು. ಐದು ದಿನದ ಮೇಲೆ ಎಕ್ಸ್‌ರೇ ತೆಗೆದರೆ ಅದೇ ಮೆತ್ತನೆ ಜಾಗದಲ್ಲಿ ಮುರಿದಿತ್ತು. ಉಳುಕು ತೆಗೆದವರನ್ನು ಎಲ್ಲರೂ ಬೈದರು. ಮೊದಲು "ಅಷ್ಟೇ" ಅಂದವಳು ನಾನು, ನನ್ನನ್ನು ಯಾರೂ ಬೈಯಲಿಲ್ಲ.

ಹನ್ನೆರಡು ದಿನಕ್ಕೆ ಆಡಬಹುದಾ ಅಂತ ಕ್ಯಾಲೆಂಡರ್ ಹೇಳಲ್ಲ, ಕಾಲು ಹೇಳಬೇಕು. ಪೆಟ್ಟಾದ ಕಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸು. ನೋವಿಲ್ಲದಿದ್ದರೆ ಎಂಟರ ಆಕಾರದಲ್ಲಿ ಓಡು. ಅದೂ ಆದರೆ ಖೋ ಸಿಕ್ಕ ಹಾಗೆ ಕೂತಲ್ಲಿಂದ ಎದ್ದು ಓಡು. ಎಲ್ಲಾದರೂ ಕಾಲು ಹಿಂಜರಿದರೆ ಈ ಸಲ ಬಿಡು. ಸರಿಯಾದ ಮೇಲೂ ಎರಡು ಮೂರು ತಿಂಗಳು ಹಲ್ಲುಜ್ಜುವಾಗ ಆ ಕಾಲೊಂದರ ಮೇಲೇ ನಿಂತುಕೋ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಜಾಸ್ತಿ. ನಿಮ್ಮೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದರು ಗೊತ್ತಲ್ಲ, ಅಷ್ಟು ದೂರ ಹೋಗಬೇಕಾದರೆ ಕಾಲು ಬೇಕಲ್ವಾ?

ಪ್ರಶ್ನೆ: ಮೂಗಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತಿ ನೀರು ತಟ್ಟುತ್ತಾರೆ. ಸರಿಯಾ?
– ಬೇಲೂರು

ಅಲ್ಲ. ತಲೆ ಮುಂದಕ್ಕೆ ಬಾಗಿಸಿ. ಮೂಗಿನ ಮೆತ್ತನೆ ಭಾಗವನ್ನು ಬೆರಳಲ್ಲಿ ಒತ್ತಿ ಹಿಡಿದು ಬಾಯಲ್ಲಿ ಉಸಿರಾಡಿಸಿ, ಗಡಿಯಾರ ನೋಡಿ 10 ನಿಮಿಷ. ಹಿಂದಕ್ಕೆ ಎತ್ತಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಮೂಗು ಸೊಟ್ಟಗೆ ಕಂಡರೆ ಆಸ್ಪತ್ರೆ.

ಹಲ್ಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಲ್ ತಾಗಿ ಶಾಶ್ವತ ಹಲ್ಲು ಬೇರು ಸಮೇತ ಬಿದ್ದರೆ ಎಸೆಯಬೇಡಿ. ಬೇರು ಮುಟ್ಟದೆ ಎತ್ತಿ, ಮಣ್ಣಿದ್ದರೆ ಒಂದು ಗಳಿಗೆ ನೀರಲ್ಲಿ ಅದ್ದಿ, ಹಾಲಿನಲ್ಲಿ ಹಾಕಿಕೊಂಡು ದಂತವೈದ್ಯರ ಹತ್ತಿರ ಓಡಿ. ಒಂದು ಗಂಟೆಯೊಳಗೆ ಹೋದರೆ ಮತ್ತೆ ಕೂರಿಸಬಹುದು. ಹಾಲುಹಲ್ಲಾದರೆ ಕೂರಿಸುವುದಿಲ್ಲ. ಅದನ್ನು ಹೆಂಚಿನ ಮೇಲೆ ಎಸೆಯಿರಿ.

ಪ್ರಶ್ನೆ: ನನ್ನ ಮಗ ಕಬಡ್ಡಿಯಲ್ಲಿ ಇನ್ನೊಬ್ಬನ ಮಂಡಿಗೆ ತಲೆ ಹೊಡೆಸಿಕೊಂಡ. ಬುಗುಟು ಬಂತು. ಪ್ರಜ್ಞೆ ತಪ್ಪಲಿಲ್ಲ. ಮುಖಕ್ಕೆ ನೀರು ಹಾಕಿ ಮತ್ತೆ ಆಡಿಸಿದರು. ಆದರೆ ಅವತ್ತು ಸಂಜೆ "ಸ್ಕೋರ್ ಎಷ್ಟಾಯ್ತು" ಅಂತ ನಾಲ್ಕು ಸಲ ಕೇಳಿದ. ನಾನು ಸುಮ್ಮನೆ ಹೆದರುತ್ತಿದ್ದೇನಾ?
– ಒಬ್ಬ ತಂದೆ, ಚನ್ನರಾಯಪಟ್ಟಣ

ಇಲ್ಲ ಸ್ವಾಮಿ, ನೀವು ಸರಿಯಾಗೇ ಹೆದರಿದ್ದೀರಿ. ಈ ಅಂಕಣದಲ್ಲಿ ಉಳಿದದ್ದೆಲ್ಲ ಸಣ್ಣ ಪೆಟ್ಟು, ಇದೊಂದನ್ನು ಸಣ್ಣದು ಅನ್ನಬೇಡಿ. ತಲೆಗೆ ಪೆಟ್ಟಾಗಿ ಮೆದುಳು ಅಲುಗಿದ ಹೆಚ್ಚಿನ ಮಕ್ಕಳಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಕೇಳಿದ್ದನ್ನೇ ಕೇಳುವುದು, ಮಂಕಾಗುವುದು, ತಲೆಸುತ್ತು, ಬೆಳಕು ಆಗದಿರುವುದು, ಇವೇ ಗುರುತು. ಡಾಕ್ಟರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಮೂಗು ಅಥವಾ ಕಿವಿಯಿಂದ ನೀರಿನಂತೆ ಸೋರುವುದು ಕಂಡರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಫೋನ್ ಮಾಡಿ.

ಅಂಥ ಸಂಶಯ ಬಂದ ಮಗುವನ್ನು ಅದೇ ದಿನ ಮತ್ತೆ ಅಂಗಳಕ್ಕೆ ಇಳಿಸಬಾರದು. ಫೈನಲ್ ಆಗಿದ್ದರೂ ಸರಿ. ಒಂದೆರಡು ದಿನ ಓಟ, ಜಗ್ಗಾಟ ಬೇಡ, ಮೊಬೈಲೂ ಕಡಿಮೆ. ಆಮೇಲೆ ಮೊದಲು ಪಾಠ, ನಂತರ ನಡಿಗೆ, ನಂತರ ಓಟ, ಕೊನೆಗೆ ಡಾಕ್ಟರ್ ಒಪ್ಪಿದ ಮೇಲೆ ಕಬಡ್ಡಿ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ತಲೆನೋವು ಮರಳಿದರೆ ಒಂದು ಮೆಟ್ಟಿಲು ಹಿಂದಕ್ಕೆ.

ಕೋಚ್‌ಗೆ ಎರಡು ಮಾತು ಹೇಳಿ. ಆಂಕಲ್ ಹೋಲ್ಡ್, ಅಂದರೆ ದಾಳಿಗೆ ಬಂದ ರೈಡರ್‌ನ ಪಾದದ ಗಿಣ್ಣು ಹಿಡಿಯುವಾಗ, ಹಿಡಿಯುವವನ ತಲೆ ರೈಡರ್‌ನ ಮಂಡಿಯ ಎದುರಿಗೆ ಬರಬಾರದು. ಪಕ್ಕಕ್ಕೆ ಇರಬೇಕು, ಗದ್ದ ಮೇಲೆ, ಕಣ್ಣು ತೆರೆದಿರಬೇಕು. ಎರಡನೆಯದು, ಪ್ರಾಕ್ಟೀಸಿನಲ್ಲಿ ಮಕ್ಕಳನ್ನು ಕ್ಲಾಸು ನೋಡಿ ಅಲ್ಲ, ತೂಕ ನೋಡಿ ಜೋಡಿ ಮಾಡಬೇಕು. ಎಂಟನೇ ಕ್ಲಾಸಿನಲ್ಲಿ 28 ಕೆಜಿ ಹುಡುಗನೂ ಇರುತ್ತಾನೆ, 60 ಕೆಜಿಯವನೂ ಇರುತ್ತಾನೆ.

ಪ್ರಶ್ನೆ: 13 ವರ್ಷದ ಮಗನಿಗೆ ಮಂಡಿ ಚಿಪ್ಪಿನ ಕೆಳಗೆ ಗಂಟು. ಬಿದ್ದಿಲ್ಲ, ಏನಿಲ್ಲ. ಓಡಿದರೆ ನೋವು.
– ಹೊಳೆನರಸೀಪುರ

ಒಂದೇ ವರ್ಷದಲ್ಲಿ ಪ್ಯಾಂಟೆಲ್ಲ ಗಿಡ್ಡ ಆಯಿತಾ? ಹಾಗಾದರೆ ಆಸ್‌ಗುಡ್-ಶ್ಲಾಟರ್ ಇರಬಹುದು. ಹೆಸರು ಕೇಳಿ ಗಾಬರಿ ಬೇಡ, 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ಡಾಕ್ಟರುಗಳ ಹೆಸರು ಅಷ್ಟೇ. ಮೂಳೆ ಸರಸರ ಬೆಳೆಯುವಾಗ ತೊಡೆಯ ಸ್ನಾಯು ತಾನು ಅಂಟಿದ ಜಾಗವನ್ನು ಎಳೆಯುತ್ತದೆ. ಬೆಳವಣಿಗೆ ನಿಂತಾಗ ಹೆಚ್ಚಿನವರಿಗೆ ಹೋಗುತ್ತದೆ, ಗಂಟು ಮಾತ್ರ ಉಳಿಯಬಹುದು. ಜಿಗಿತ, ಕುಕ್ಕರಗಾಲು, ಮಂಡಿಯೂರಿ ಕೂರುವುದನ್ನು ಸ್ವಲ್ಪ ದಿನ ಕಡಿಮೆ ಮಾಡಿಸಿ. ರಾತ್ರಿ ನೋವು, ಜ್ವರ, ಕುಂಟುವುದು ಇದ್ದರೆ ಅದು ಬೇರೆ ವಿಷಯ, ತೋರಿಸಿ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಫಾಸ್ಟ್ ಬೌಲರ್. ಬೆಳಿಗ್ಗೆ ಕ್ಯಾಂಪು, ಸಂಜೆ ಬೀದಿಯಲ್ಲಿ ಟೆನಿಸ್ ಬಾಲು. ಭುಜ ನೋವು ಅಂತಾನೆ. ಪೇನ್ ಸ್ಪ್ರೇ ಹೊಡೆದರೆ ಆಡುತ್ತಾನೆ.
– ಹಾಸನ

ಸ್ಪ್ರೇ ಎತ್ತಿಡಿ. ನೋವು ಅನ್ನುವುದು ಒಳಗಿನಿಂದ ಬರುವ ವಿಷಲ್, ಅದರ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13ರೊಳಗಿನ ವೇಗದ ಬೌಲರ್‌ಗೆ ಒಂದೇ ಸಮನೆ ಹಾಕುವ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಓವರ್ ಅಂತ ಮಿತಿ ಹಾಕಿದೆ. ನಿಮ್ಮ ಮಗ ಬೀದಿಯಲ್ಲೇ ಎಷ್ಟು ಹಾಕುತ್ತಾನೆ, ಒಂದು ದಿನ ಎಣಿಸಿ ನೋಡಿ. ನಮ್ಮ ಜಿಲ್ಲೆಯ ಊರನ್ನು ಹೆಸರಲ್ಲೇ ಹೊತ್ತ ಜಾವಗಲ್ ಶ್ರೀನಾಥ್ ಅವರಿಗೇ 1997ರಲ್ಲಿ ಭುಜದ ಆಪರೇಷನ್ ಆಗಿ ತಿಂಗಳುಗಟ್ಟಲೆ ಆಟ ತಪ್ಪಿತು. ಅವರು ಆಗ ಗಟ್ಟಿಮುಟ್ಟಾದ ದೊಡ್ಡ ಮನುಷ್ಯ, ನಿಮ್ಮದು ಎಳೇ ಮೂಳೆ. ವಾರದಲ್ಲಿ ಎರಡು ದಿನ ಬೌಲಿಂಗ್ ಇಲ್ಲ ಅನ್ನಿ. ಬ್ಯಾಟಿಂಗ್ ಮಾಡಲಿ, ಮರ ಹತ್ತಲಿ. ನೋವು ಹೋಗದಿದ್ದರೆ, ಸೊಂಟದ ಮೇಲೆ ಬೆನ್ನೂ ನೋಯುತ್ತೆ ಅಂದರೆ ಮೂಳೆ ಡಾಕ್ಟರ್.

ಪ್ರಶ್ನೆ: ನಮ್ಮಲ್ಲಿ ಕ್ರೀಡಾಕೂಟ ಬರುವುದೇ ಆಗಸ್ಟ್‌ನಲ್ಲಿ. ಮೈದಾನ ಕೆಸರುಗದ್ದೆ. ಏನು ಮಾಡೋಣ?
– ಶಿಕ್ಷಕಿ, ಶೃಂಗೇರಿ

ಹೋಬಳಿ, ತಾಲ್ಲೂಕು ಕೂಟಗಳ ತಾರೀಕು ಗೊತ್ತು ಮಾಡುವವರು ಒಮ್ಮೆ ಆಗಸ್ಟ್‌ನಲ್ಲಿ ನಿಮ್ಮೂರಿಗೆ ಬಂದು ಕೊಡೆ ಇಲ್ಲದೆ ನಿಲ್ಲಬೇಕು. ನಾನೂ ಮೂಡಿಗೆರೆ ಕಡೆಯಲ್ಲಿ 12 ವರ್ಷ ಇದನ್ನೇ ಹೇಳಿ ಸುಸ್ತಾದೆ.

ಹೈಜಂಪ್, ಹರ್ಡಲ್ಸ್ ಒದ್ದೆ ನೆಲದಲ್ಲಿ ಮಾಡಿಸಲೇಬೇಡಿ, ಜಗಳ ಆದರೂ ಆಗಲಿ. ಗುಂಡು, ಡಿಸ್ಕಸ್ ಒರೆಸಲು ಒಣ ಬಟ್ಟೆ ಇಟ್ಟುಕೊಳ್ಳಿ. ಓಟದ ತಿರುವಿನಲ್ಲಿ ಮರದ ಹೊಟ್ಟು ಚೆಲ್ಲಿದರೆ ಕಾಲು ಸ್ವಲ್ಪ ಹಿಡಿಯುತ್ತದೆ. ನನ್ನ ಅನುಭವದಲ್ಲಿ ಮಕ್ಕಳು ಕೆಸರಲ್ಲಿ ಬಿದ್ದು ಮಾಡಿಕೊಂಡ ಪೆಟ್ಟಿಗಿಂತ ಪಾಚಿ ಕಟ್ಟಿದ ಮೆಟ್ಟಿಲಿನಲ್ಲಿ, ಬಾತ್‌ರೂಮ್ ದಾರಿಯಲ್ಲಿ ಜಾರಿ ಮಾಡಿಕೊಂಡದ್ದು ಜಾಸ್ತಿ. ಮೈದಾನಕ್ಕಿಂತ ಮೊದಲು ಅಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಗುಡುಗು ಕೇಳಿದರೆ ಆಟ ನಿಲ್ಲಿಸಿ ಎಲ್ಲರೂ ಕಟ್ಟಡದೊಳಗೆ, ಮರದ ಕೆಳಗಲ್ಲ. ಕೊನೆಯ ಗುಡುಗಾಗಿ 30 ನಿಮಿಷ ಬಿಟ್ಟು ಹೊರಗೆ.

ಇಂಬಳ ಹತ್ತಿದರೆ ಕಿತ್ತೆಳೆಯಬೇಡಿ ಅಂತ ನಿಮಗೆ ನಾನು ಹೇಳಬೇಕಾ! ಬಯಲುಸೀಮೆಯಿಂದ ಬಂದ ತಂಡದವರಿಗೆ ಮಾತ್ರ ಮೊದಲೇ ತಿಳಿಸಿಬಿಡಿ. ಒಂದು ಸಲ ಕಡೂರು ಕಡೆಯ ಹುಡುಗನೊಬ್ಬ ಸಾಕ್ಸ್ ತೆಗೆದು ನೋಡಿ ಅಲ್ಲೇ ಕುಸಿದುಬಿದ್ದ. ಅವತ್ತಿನ ಕೂಟದಲ್ಲಿ ಸ್ಟ್ರೆಚರ್ ಹತ್ತಿದ್ದು ಅವನೊಬ್ಬನೇ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್, ಶಾಲೆಯ ಕ್ರೀಡಾ ಮಂತ್ರಿ. ಫಸ್ಟ್ ಏಡ್ ಬಾಕ್ಸ್ ನನ್ನ ಕೈಗೆ ಕೊಟ್ಟಿದ್ದಾರೆ. ತೆಗೆದು ನೋಡಿದರೆ ಒಂದು ಖಾಲಿ ಟಿಂಚರ್ ಬಾಟಲಿ ಇದೆ. ಏನೇನು ಇಡಲಿ?
– ತರೀಕೆರೆ

ಮಂತ್ರಿಗಳೇ, ಮೊದಲು ಆ ಬಾಟಲಿ ಎಸೆಯಿರಿ. ಸೋಪು, ಸ್ಟೆರೈಲ್ ಗಾಜ್ ಬಟ್ಟೆ, ರೋಲ್ ಬ್ಯಾಂಡೇಜ್, ಆರು ಇಂಚಿನ ಕ್ರೇಪ್ ಬ್ಯಾಂಡೇಜ್ ಎರಡು, ಮೈಕ್ರೋಪೋರ್ ಟೇಪು, ಕೈಗವಸು ನಾಲ್ಕು ಜೊತೆ, ಓಆರ್‌ಎಸ್ ಪೊಟ್ಟಣ. ಮುರಿದ ಕೈ ಅಲ್ಲಾಡದ ಹಾಗೆ ಕಟ್ಟಲು ಎರಡು ಮರದ ಸ್ಕೇಲು, ಒಂದು ದೊಡ್ಡ ಚೌಕದ ಬಟ್ಟೆ. ಐಸ್ ಎಲ್ಲಿ ಸಿಗುತ್ತೆ ಅಂತ ಮೊದಲೇ ನೋಡಿಟ್ಟುಕೋ. ನನಗೆ ಸ್ಕೂಲ್ ಗೇಟಿನ ಐಸ್‌ಕ್ಯಾಂಡಿಯವರು ಕೊಡುತ್ತಿದ್ದರು, ಬದಲಿಗೆ ನಾನು ಅವರ ಗಾಡಿಯನ್ನು ಓಡಿಸುತ್ತಿರಲಿಲ್ಲ. ಮಾತ್ರೆ ಇಡಬೇಡ, ಯಾರಿಗೂ ನೀನು ಮಾತ್ರೆ ಕೊಡಬೇಡ. ಮುಚ್ಚಳದ ಒಳಗಡೆ 108, ಹತ್ತಿರದ ಆಸ್ಪತ್ರೆಯ ನಂಬರು, ಹೆಡ್ ಮಾಸ್ಟರ್ ನಂಬರು ಅಂಟಿಸು. ಬಾಕ್ಸಿಗೆ ಬೀಗ ಬೇಡ. ಬೀಗ ಇದ್ದರೆ ಕೀ ಇಟ್ಟುಕೊಂಡವರು ಅವತ್ತೇ ರಜೆ ಹಾಕಿರುತ್ತಾರೆ.

ಕತ್ತರಿಯನ್ನೂ ಇಡು, ಆದರೆ ಅದಕ್ಕೆ ದಾರ ಕಟ್ಟಿ ಬಾಕ್ಸಿಗೇ ಬಿಗಿ. ನನ್ನ 31 ವರ್ಷದ ಸರ್ವಿಸ್‌ನಲ್ಲಿ ಏಳು ಕತ್ತರಿ ಕ್ರಾಫ್ಟ್ ಟೀಚರ್ ಪಾಲಾಗಿವೆ.